ಅಜ್ಜ ಹೋದ ಮೇಲೆ ಹುಟ್ಟಿದ ವಿಳಾಸ

ಸಲೆಲೊಲೊಗಾ, ಸವಾಯಿ ದ್ವೀಪ, ಸಮೋವಾ
ಆಗಸ್ಟ್ ೧೬, ಬುಧವಾರ

ಪೆನಿತೋವಾ ಮಾವನಿಗೆ,

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮ ಆರೋಗ್ಯ ಕೇಳುತ್ತೇನೆ. ಅಜ್ಜನ ಹೆಸರಿನಲ್ಲಿ ನೀವು ಇಂಟರ್ನೆಟ್ಟಿಗೆ ಹಾಕಿರುವ ಪುಟ ಅಜ್ಜ ಸತ್ತ ಮೇಲೆ ಹುಟ್ಟಿದ್ದು. ಇದು ನನಗೆ ಮೇ ತಿಂಗಳಿಂದಲೇ ಗೊತ್ತು. ಅಮ್ಮನಿಗೆ ಹೇಳಿಲ್ಲ, ಅಜ್ಜಿಗಂತೂ ಹೇಳಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ನಿಮ್ಮ ಮೊಣಕಾಲು ಹೇಗಿದೆ? ನೀವಿರುವ ಪರದೇಶದ ಲೋಗನ್ ಊರಿನ ಚಳಿಗೆ ನೋವು ಹೆಚ್ಚಾಗಿದೆ ಎಂದು ಲುವಿಸಾ ಅತ್ತೆ ಹೇಳುತ್ತಿದ್ದರು. ಕೇಳುವುದು ಪದ್ಧತಿ, ಆದ್ದರಿಂದ ಕೇಳಿದ್ದೇನೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅಜ್ಜಿಗೆ ಕೆಮ್ಮು ಬಿಟ್ಟಿಲ್ಲ, ಆದರೆ ಎಲ್ಲರನ್ನೂ ಬೈಯುವಷ್ಟು ಉಸಿರಿದೆ. ಇದನ್ನು ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಕೈಬರಹವಾದರೆ ಎಲ್ಲಿ ಹೊಡೆದುಹಾಕಿದೆ, ಎಲ್ಲಿ ತಿದ್ದಿದೆ ಎಂದು ನೀವೂ ನೋಡಬಹುದು. ನಿಮ್ಮ ಪುಟದಲ್ಲಿ ಆ ಸೌಲಭ್ಯ ಇರಲಿಲ್ಲ.

ಫೆಬ್ರವರಿಯಲ್ಲಿ ಅಜ್ಜನನ್ನು ಉಪೊಲು ದ್ವೀಪದ ದೊಡ್ಡಮನೆಯ ಅಂಗಳದಲ್ಲಿ ಮಣ್ಣು ಮಾಡಿ, ಅಜ್ಜಿಯನ್ನು ನಮ್ಮ ಜೊತೆ ಇಲ್ಲಿಗೆ ಕರೆತಂದೆವು. ಅಜ್ಜ ಹೊತ್ತಿದ್ದ ಮಲಾತೈ ಬಿರುದು, ಮನೆತನದ ಯಜಮಾನಿಕೆ, ಇನ್ನು ಯಾರಿಗೆ ಎಂದು ಕುಟುಂಬ ಇನ್ನೂ ಕೂತು ಮಾತಾಡಿರಲಿಲ್ಲ. ಏಪ್ರಿಲ್‌ನಲ್ಲಿ ನೀವು ಕುಟುಂಬದ ಗುಂಪಿಗೆ ಆ ವಿಳಾಸ ಕಳಿಸಿದಿರಿ. ತೆರೆದರೆ ಅಜ್ಜನ ಪಟ, ಹೆಗಲ ಮೇಲೆ ಯಜಮಾನಿಕೆಯ ಗುರುತಿನ ಚವರಿ, ಕೆಳಗೆ ಅಜ್ಜನ ಮಾತುಗಳು: ತನ್ನ ನಂತರ ಮಲಾತೈ ಬಿರುದು ಹಿರಿಯ ಮಗ ಪೆನಿತೋವಾನಿಗೇ ಸಲ್ಲಬೇಕು, ತನ್ನ ಜೀವದ ಒಡನಾಡಿ ಸಿಲಿಯಾ ಇದಕ್ಕೆ ಸಾಕ್ಷಿ. ಅಡಿಯಲ್ಲಿ ಹಿಂದಿನ ಅಕ್ಟೋಬರಿನ ತಾರೀಖು. ನೀವು ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: “ಮಕ್ಕಳ ಬಿಳಿ ಭಾನುವಾರದ ಹಬ್ಬಕ್ಕೆ ಬಂದಿದ್ನಲ್ಲ, ಆಗ ಅಪ್ಪ ಹೇಳ್ದ, ನಾನು ಟೈಪ್ ಮಾಡ್ದೆ. ಅವತ್ತೇ ಇದೇ ವಿಳಾಸಕ್ಕೆ ಹಾಕ್ದೆ. ಅಪ್ಪನೇ ನನ್ನ ಫೋನಲ್ಲಿ ನೋಡಿ ತಲೆ ಆಡಿಸ್ದ.”

ಯಾರೂ ಅನುಮಾನಪಡಲಿಲ್ಲ. ಯಾಕೆ ಪಡಲಿಲ್ಲ ಎಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಕುಟುಂಬ ಕೊಡದ ಬಿರುದನ್ನು ಯಾರೂ ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದೊಂದು ಬಿರುದಿಗೆ ಒಂದೊಂದು ಕಂಬವಿರುವ ಸಭೆಯಲ್ಲಿ ತನ್ನದಲ್ಲದ ಕಂಬಕ್ಕೆ ಬೆನ್ನು ಕೊಟ್ಟು ಕೂತವನಿಗೆ ಊರು ಹಂದಿಗಳ ದಂಡ ಹಾಕುತ್ತದೆ, ಅವನ ಹೆಂಡತಿ ಮಕ್ಕಳು ತಲೆ ತಗ್ಗಿಸಿ ಓಡಾಡುತ್ತಾರೆ. ಹಾಗಿರುವಾಗ ವಿಳಾಸದಲ್ಲೇ ‘ಮಲಾತೈ’ ಎಂದಿದ್ದರೆ ಅದು ಮಲಾತೈಯದೇ ಆಗಿರಬೇಕು ಎಂದುಕೊಂಡರು ದೊಡ್ಡವರೆಲ್ಲ. ಪಕ್ಕದಲ್ಲಿ ಬೀಗದ ಗುರುತು ಬೇರೆ. “ನೋಡು, ಬೀಗ ಹಾಕಿ ಭದ್ರ ಮಾಡಿದಾರೆ, ಸುಳ್ಳಾಗಿದ್ರೆ ಬೀಗ ಕೊಡ್ತಿದ್ರಾ?” ಎಂದು ಅಮ್ಮನೇ ಅಂದಳು. ನಾನೂ ನಂಬಿದೆ. ಇಂಟರ್ನೆಟ್ಟಿನಲ್ಲಿ ಯಾರೂ ಹಿಡಿಯದ ಹೆಸರನ್ನು ಯಾರು ಬೇಕಾದರೂ ಹಿಡಿಯಬಹುದು, ಕೇಳುವ ಸಭೆಯೂ ಇಲ್ಲ, ದಂಡವೂ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ನಿಮಗೊಬ್ಬರಿಗೇ ತಿಳಿದಿತ್ತು.

ನಾನು ಕೆಲಸ ಮಾಡುವ ಫೋನ್ ಅಂಗಡಿಗೆ ಮೋಸದ ತಾಣಗಳಲ್ಲಿ ಸಿಕ್ಕಿಬಿದ್ದವರು ಅಳುತ್ತಾ ಬರುತ್ತಾರೆ. ಹಾಗಾಗಿ ವಿಳಾಸಗಳನ್ನು ಪರೀಕ್ಷಿಸುವ ತಾಣಗಳನ್ನು ಬಳಸಲು ಕಲಿತೆ. ಒಂದರಲ್ಲಿ ಹೆಸರು ಹಾಕಿದರೆ ಅದು ಮೊದಲು ನೋಂದಣಿಯಾದ ದಿನ ಬರುತ್ತದೆ. ಇನ್ನೊಂದು ಆ ಪುಟ ಇಟ್ಟಿರುವ ಕಂಪ್ಯೂಟರ್ ಯಾವ ದೇಶದಲ್ಲಿದೆ ಎಂದು ತೋರಿಸುತ್ತದೆ. ಸುಮ್ಮನೆ ಕೈ ತುರಿಸಿ ನಮ್ಮ ಮಲಾತೈ ವಿಳಾಸವನ್ನೂ ಹಾಕಿ ನೋಡಿದೆ. ಮೊದಲ ಸಲ ಎಡವಿದ್ದು ನಾನೇ, ಅದನ್ನೂ ಬರೆಯುತ್ತೇನೆ. ಕಂಪ್ಯೂಟರ್ ಸಿಂಗಪುರದಲ್ಲಿದೆ ಎಂದು ಬಂತು. ಇದು ಯಾರೋ ಕಳ್ಳರ ತಾಣ ಎಂದು ಕುಟುಂಬದವರೆಲ್ಲ ಫೋನಿನಲ್ಲಿದ್ದಾಗ ಕೂಗಿಬಿಟ್ಟೆ. ನೀವು ನಕ್ಕಿರಿ: “ಲೇ ಫಿಲೇಮು, ನಿಮ್ಮೂರಂಗಡೀಲಿ ಡಬ್ಬಿ ಮೀನು ಎಲ್ಲಿಂದ ಬರುತ್ತಮ್ಮಾ? ಅದನ್ನ ತಿಂದೋರೆಲ್ಲ ಆ ದೇಶದೋರಾಗ್ತಾರಾ? ಸ್ಕೂಲಿಗೆ ಹೋಗು ಅಂದ್ರೆ ಮೇಷ್ಟ್ರ ಜೊತೆ ಜಗಳ ಆಡ್ಕೊಂಡು ಬಂದೋಳು, ನನಗೆ ಪಾಠ ಹೇಳ್ತಾಳೆ.” ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಪುಟ ಯಾವ ದೇಶದ ಕಂಪ್ಯೂಟರಿನಲ್ಲಾದರೂ ಇರಬಹುದು, ಅದರಿಂದ ಏನೂ ಸಾಬೀತಾಗುವುದಿಲ್ಲ. ಮೇಷ್ಟ್ರ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ತಪ್ಪು. ಬೋರ್ಡಿನ ಮೇಲಿನ ಉತ್ತರ ತಪ್ಪಿತ್ತು, ತಪ್ಪು ಎಂದೆ, ಕ್ಷಮೆ ಕೇಳು ಎಂದರು, ನಾನು ಕೇಳಲಿಲ್ಲ. ಇವತ್ತಿಗೂ ಆ ಉತ್ತರ ತಪ್ಪೇ.

ಆ ನಗು ಇಳಿದ ಮೇಲೆ ನಿಧಾನವಾಗಿ ಮತ್ತೆ ನೋಡಿದೆ. ನೋಂದಣಿ ಮಾಡಿಸಿದವರ ಹೆಸರು ಮುಚ್ಚಿಟ್ಟಿದೆ. ಅಲ್ಲಿ ನಿಮ್ಮ ಹೆಸರು ಕಂಡೆ ಎಂದು ನಾನು ಹೇಳುವುದಿಲ್ಲ. ದಿನ ಮಾತ್ರ ಮುಚ್ಚಿಲ್ಲ. ಮಾರ್ಚ್ ತಿಂಗಳು, ಅಜ್ಜನ ಗೋರಿಗೆ ನಾವು ಸುಣ್ಣ ಬಳಿಯುತ್ತಿದ್ದ ವಾರ. ಹಳೆಯ ನೋಂದಣಿ ತಪ್ಪಿಹೋಗಿ ಮತ್ತೆ ಮಾಡಿಸಿದ್ದಿರಬಹುದೇ ಎಂದು ನಿಮ್ಮ ಪರವಾಗಿ ನಾನೇ ವಾದ ಮಾಡಿಕೊಂಡೆ. ಆ ಬೀಗದ ಗುರುತು ಇದೆಯಲ್ಲ, ಅದನ್ನು ಯಾವ ವಿಳಾಸಕ್ಕೆ ಯಾವಾಗ ಕೊಟ್ಟರು ಎನ್ನುವುದೂ ಎಲ್ಲರೂ ನೋಡುವಂತೆ ಒಂದು ಕಡೆ ದಾಖಲಾಗಿರುತ್ತದೆ. ಅಲ್ಲಿಯೂ ಮೊದಲನೆಯದು ಮಾರ್ಚಿನದೇ. ಅದಕ್ಕೆ ಮುಂಚೆ ಆ ವಿಳಾಸದ ಸುಳಿವೇ ಎಲ್ಲೂ ಇಲ್ಲ. ಬೀಗದ ಅರ್ಥ ಇಷ್ಟೇ ಮಾವ: ನಮ್ಮ ಫೋನಿಗೂ ಆ ಕಂಪ್ಯೂಟರಿಗೂ ನಡುವೆ ಬೇರೆಯವರು ಇಣುಕಿ ನೋಡಲಾರರು. ಒಳಗೆ ಕೂತು ಸುಳ್ಳು ಬರೆಯುವವನನ್ನು ಅದು ತಡೆಯುವುದಿಲ್ಲ. ಅಕ್ಟೋಬರಿನಲ್ಲಿ ಅಜ್ಜ ನಿಮ್ಮ ಫೋನಿನಲ್ಲಿ ಆ ವಿಳಾಸ ನೋಡಿ ತಲೆ ಆಡಿಸಿರಲಾರ, ಏಕೆಂದರೆ ಅದು ಇರಲೇ ಇಲ್ಲ.

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ? ಅಜ್ಜಿಗಾಗಿ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಚಾಪೆಯ ಮೇಲೆ ಕಾಲು ಚಾಚಿ, “ಎಲ್ಲಿ, ಅವನ ಮಾತು ಓದು” ಎನ್ನುತ್ತಾಳೆ. ನಾನು ಓದುತ್ತೇನೆ. ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ. ‘ಜೀವದ ಒಡನಾಡಿ’ ಎನ್ನುವ ಕಡೆ ಬಂದಾಗ ಅವಳ ತುಟಿ ಅಲುಗುತ್ತದೆ. ಆ ಮುಖ ನೋಡಿ ನನ್ನ ನಾಲಿಗೆ ಏಳುವುದಿಲ್ಲ. ಮಾರುಕಟ್ಟೆಯಲ್ಲಿ ಟಾರೋ ಗೆಡ್ಡೆಯ ತೂಕದಲ್ಲಿ ಮೋಸ ಮಾಡಿದವಳನ್ನು ಬೀದಿಯಲ್ಲಿ ನಿಲ್ಲಿಸಿ ಜಗಳವಾಡಿದವಳು ನಾನು. ಅಂಥವಳ ಬಾಯಿಂದ ನೀವು ಪ್ರತಿ ಸಂಜೆ ಸುಳ್ಳು ಓದಿಸಿದಿರಿ. ನಿಮ್ಮ ಮೇಲೆ ನನಗಿರುವ ಸಿಟ್ಟಿನಲ್ಲಿ ಬಿರುದಿನ ಪಾಲು ಕಡಿಮೆ, ಇದರ ಪಾಲೇ ಹೆಚ್ಚು.

ನಿಮ್ಮ ತಮ್ಮ ಇಯೋಸುವಾ ಮಾವನಿಗೆ ನಾನು ಇದನ್ನು ನಿನ್ನೆ ಹೇಳಿದೆ. ಅಜ್ಜನ ಕೊನೆಗಾಲದಲ್ಲಿ ಮಲಮೂತ್ರ ತೆಗೆದವರು, ಹೊಲ ನೋಡಿದವರು ಅವರು. ಅವರಿಗೆ ತಿಳಿಯುವ ಹಕ್ಕಿದೆ. ಅವರು ಎದ್ದು ಕುಣಿದರು: “ಹಾಗಾದ್ರೆ ಬಿರುದು ನಂದೇ ಅಂತ ಆಯ್ತಲ್ಲ!” ಇಲ್ಲ, ಪುಟ ಆಮೇಲೆ ಹುಟ್ಟಿತು ಎಂದಷ್ಟೇ ಆಯಿತು, ಅಜ್ಜ ನಿಮ್ಮ ಹೆಸರು ಹೇಳಿದ್ದ ಎಂದಾಗಲಿಲ್ಲ ಎಂದೆ. “ನೀನು ಯಾರ ಕಡೆಯವಳೇ?” ಎಂದು ಗದರಿ ಎದ್ದುಹೋದರು. ಇದನ್ನು ನೀವು ಓದಿದ ಮೇಲೆ ಅಣ್ಣತಮ್ಮಂದಿರಿಬ್ಬರೂ ನನ್ನ ಮೇಲೆ ಸಿಟ್ಟಾಗಿರುತ್ತೀರಿ. ಆಗಲಿ.

ಶನಿವಾರ ದೊಡ್ಡಮನೆಯಲ್ಲಿ ಕುಟುಂಬ ಕೂಡುತ್ತದೆ, ನೀವು ವಿಮಾನ ಹತ್ತಿ ಬರುತ್ತೀರಿ. ಸೋದರಿಯ ಕಡೆಯವರು ಒಪ್ಪದೆ ಬಿರುದು ಕಟ್ಟುವಂತಿಲ್ಲ. ಅಮ್ಮನ ಒಪ್ಪಿಗೆಗಾಗಿಯೇ ಆ ಪುಟ ಬರೆದಿರಿ ಎಂದು ನನ್ನ ಊಹೆ. ಊಹೆ ಎಂದೇ ಬರೆಯುತ್ತಿದ್ದೇನೆ. ಆದರೆ ಸೋದರಿಯ ಮಕ್ಕಳೂ ಆ ಕಡೆಯವರೇ ಎನ್ನುವುದನ್ನು ಮರೆತಿರಿ. ನಾನು ಎದ್ದು ನಿಂತರೆ ನೀವು ಕೂತು ಕೇಳಲೇಬೇಕು. ಅದಕ್ಕೆ ಮುಂಚೆ ಒಂದು ಅವಕಾಶ ಕೊಡುತ್ತೇನೆ. ಅಜ್ಜಿಗೆ ನೀವೇ ಫೋನ್ ಮಾಡಿ, ನಿಮ್ಮ ಬಾಯಿಂದಲೇ ಹೇಳಿ. ಅವಳನ್ನು ಅಳಿಸುವುದು ನೀವು, ಯಾಕೆ ಅಳಿಸಿದಿರಿ ಎಂದು ಅವಳಿಗೆ ಹೇಳುವುದು ನಾನು ಎಂದಾಗಬಾರದು. ಫೋನ್ ಬರದಿದ್ದರೆ ಸಭೆಯಲ್ಲಿ ಎಲ್ಲರ ಮುಂದೆ ನಾನು ಹೇಳುತ್ತೇನೆ. ಅಜ್ಜಿಯನ್ನು ಇಲ್ಲೇ ಬಿಟ್ಟು ಬರುತ್ತೇನೆ, ಅವಳು ಅದನ್ನು ಕೇಳುವುದು ಬೇಡ.

ಲುವಿಸಾ ಅತ್ತೆಗೆ ನಮಸ್ಕಾರ. ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನು ದಾರಿಯಲ್ಲಿ ಕಾಪಾಡಲಿ, ಸಭೆಯಲ್ಲಿ ನಾನು ಕಾಪಾಡುವುದಿಲ್ಲ.

ನಿಮ್ಮ ತಂಗಿಯ ಮಗಳು,
ಫಿಲೇಮು

ಮರೆಯುವ ಮೊದಲು: ಮೇಲಿನದನ್ನು ಬರೆದು ಮುಗಿಸುವಷ್ಟರಲ್ಲಿ ಅಜ್ಜಿ ಬಂದು ಪಕ್ಕದಲ್ಲಿ ಕೂತು, “ಇಷ್ಟುದ್ದ ಯಾರಿಗೆ ಬರೀತಿದ್ದೀಯ? ಓದು” ಎಂದಳು. ಬೇರೆ ಏನನ್ನೋ ಓದಿಬಿಡಬಹುದಿತ್ತು. ನನ್ನಿಂದ ಇನ್ನಾಗಲಿಲ್ಲ, ಎಲ್ಲವನ್ನೂ ಓದಿದೆ. ಅಜ್ಜಿ ಅಳಲಿಲ್ಲ. “ಐವತ್ತು ವರ್ಷ ನನ್ನ ‘ಏ ಅಸೌ ಊರಿನವಳೇ’ ಅಂತ ಕೂಗ್ದ ಗಂಡ. ಸಿಲಿಯಾ ಅಂತ ಒಂದು ದಿನ ಅಂದವನಲ್ಲ. ಜೀವದ ಒಡನಾಡಿಯಂತೆ! ಮೊದಲ್ನೇ ದಿನಾನೇ ಗೊತ್ತಾಯ್ತು ನಂಗೆ, ಕೇಳ್ದಾಗಲೆಲ್ಲ ನಗು ಬರ್ತಿತ್ತು” ಎಂದಳು. ಮತ್ತೆ ಯಾಕೆ ದಿನಾ ಓದಿಸಿದೆ ಎಂದು ಕೇಳಿದೆ. “ನೀನು ಎಷ್ಟು ದಿನ ಓದ್ತೀಯ ಅಂತ ನೋಡ್ತಿದ್ದೆ. ಮೇಷ್ಟ್ರಿಗೆ ಹೆದರದೋಳು, ನಂಗೆ ಹೆದರಿಬಿಟ್ಯಲ್ಲ.”

ನಿಮಗೆ ಬರೆಯಲು ಹೇಳಿದ್ದು ಇಷ್ಟು: “ಬಿರುದು ಯಾರಿಗಾದ್ರೂ ಹೋಗ್ಲಿ. ಅವನು ಆಡದ ಮಾತು ಅವನ ಬಾಯಲ್ಲಿ ಇರಬಾರದು, ಸಭೇಲಿ ಎಲ್ಲರ ಮುಂದೆ ಪೆನಿತೋವಾನೇ ತೆಗೀಲಿ. ಸಾಕ್ಷಿ ಅಂತ ನನ್ನ ಹೆಸರು ಹಾಕಿದಾನಲ್ಲ, ಸಾಕ್ಷಿ ಹೇಳೋಕೆ ನಾನೇ ಬರ್ತೀನಿ. ಊಟಕ್ಕೆ ಅವನಿಗೆ ಪಲುಸಾಮಿ ಮಾಡ್ಲಾ, ಕೇಳು.” ಟಾರೋ ಎಲೆಯಲ್ಲಿ ಕಟ್ಟಿ ಬೇಯಿಸುವ ಹಾಲಿಗೆ ತೆಂಗಿನಕಾಯಿ ಆಗಲೇ ಆರಿಸಿಟ್ಟಿದ್ದಾಳೆ. ನಾಳೆ ಬೆಳಗಿನ ಹಡಗಿಗೆ ನಾವಿಬ್ಬರೂ ಹೊರಡುತ್ತೇವೆ.