ಮೂರು ದಿನ ಮೇಲಕ್ಕೆ ಬಾರದ ತಟ್ಟೆ

ಪ್ರೀತಿಯ ಇನ್ಸಾಫ್,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ಬಸ್ಸಿನ ನಿಮರ್ ಹೇಳಿದ. ನಿಮ್ಮ ಮನೆಗೆ ಇನ್ನೂ ಸೂರು ಹಾಕಿಸಲು ಆಗಿಲ್ಲವಂತೆ, ಗಂಡನ ಅಣ್ಣನ ಮನೆಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದೀರಂತೆ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊದಲು ಸುದ್ದಿ. ನಮ್ಮತ್ತೆ ಅಫೀಫೆ ತೀರಿಕೊಂಡರು. ನಿನ್ನೆಗೆ ನಲವತ್ತು ದಿನವಾಯಿತು. ನರಳಲಿಲ್ಲ, ನಿದ್ದೆಯಲ್ಲೇ ಹೋದರು. ಕೊನೆಕೊನೆಗೆ ನನ್ನನ್ನು ಎಷ್ಟೋ ದಿನ ತಮ್ಮ ತಂಗಿಯೆಂದು ತಿಳಿಯುತ್ತಿದ್ದರು. ನಿನ್ನ ಹೆಸರನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಇಷ್ಟನ್ನೇ ತಿಳಿಸುವುದಾಗಿದ್ದರೆ ನಿಮರ್‌ಗೆ ಬಾಯಿಮಾತಲ್ಲಿ ಹೇಳಿ ಕಳಿಸುತ್ತಿದ್ದೆ. ನಾನು ಬರೆಯಲು ಕುಳಿತದ್ದು ಬೇರೆ ವಿಷಯಕ್ಕೆ.

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಗಡಿಯ ಊರುಗಳ ಮೇಲೆ ಬಾಂಬು ಬೀಳತೊಡಗಿದಾಗ ನೀನು ರೀಮ್ ಮತ್ತು ಬತೂಲ್‌ರನ್ನು ಕರೆದುಕೊಂಡು ನಮ್ಮ ಬೆಟ್ಟದ ಊರಿಗೆ ಬಂದೆ. ಹೊಗೆಸೊಪ್ಪಿನ ಸಸಿಮಡಿ ಬಿಟ್ಟು ಬರುವುದಿಲ್ಲವೆಂದು ನಿನ್ನ ಗಂಡ ಅಲ್ಲೇ ಉಳಿದಿದ್ದ. ನಮ್ಮ ಪಾದ್ರಿಗಳು ಮನೆಗೊಂದು ಸಂಸಾರದಂತೆ ಬಂದವರನ್ನು ಹಂಚಿದರು. ಹಿತ್ತಿಲಿನ ಕಡೆಗಿರುವ ನಮ್ಮ ಕೆಳಗಿನ ಕೋಣೆ ನಿನ್ನ ಪಾಲಿಗೆ ಬಂತು. ಊಟಕ್ಕೆ ಮೇಲೆ ಬನ್ನಿ ಎಂದು ನಾನು ಕರೆದಾಗ ನೀನು ಒಪ್ಪಲಿಲ್ಲ.

"ಜಾಗ ಕೊಟ್ಟಿದ್ದೀರಲ್ಲ ಅಕ್ಕಾ, ಊಟದ ಭಾರಾನೂ ಯಾಕೆ? ಹಿತ್ತಿಲ ತುಂಬ ಹಿಂದ್ಬೆ ಸೊಪ್ಪು ಬಿದ್ದಿದೆ. ಕೊಯ್ಕೊಳ್ಳಲಾ?" ಎಂದಷ್ಟೇ ಕೇಳಿದ್ದೆ ನೀನು.

ಅಂಜೂರದ ಮರದ ಕೆಳಗೆ ನೆಲಕ್ಕೆ ಅಂಟಿಕೊಂಡು, ಗರಗಸದಂಥ ಎಲೆ ಹರಡಿ, ಹಳದಿ ಹೂ ಬಿಟ್ಟು, ಆಮೇಲೆ ಬಿಳಿ ನೂಲಾಗಿ ಗಾಳಿಗೆ ಹಾರಿಹೋಗುವ ಗಿಡ. ನಮ್ಮ ಮನೆಯಲ್ಲಿ ಅದು ಉಪವಾಸದ ಶುಕ್ರವಾರಗಳಿಗೆ ಮಾತ್ರ ಒಲೆಯ ಮೇಲೆ ಬರುತ್ತಿತ್ತು. ನಿನ್ನ ಕೋಣೆಯಲ್ಲಿ ಅದೇ ದಿನದ ಊಟ. ಒಂದು ದಿನ ಹುರಿದ ಈರುಳ್ಳಿಯ ಜೊತೆ, ಇನ್ನೊಂದು ದಿನ ಬೇಳೆಗೆ, ಮತ್ತೊಂದು ದಿನ ಗೋಧಿನುಚ್ಚಿಗೆ. ಬೇರನ್ನೂ ಹುರಿದು ಪುಡಿ ಮಾಡಿ ಕಾಫಿಯಂತೆ ಕಾಯಿಸುತ್ತಿದ್ದೆ ನೀನು. ಹುಡುಗಿಯರಿಬ್ಬರೂ ಮೆಟ್ಟಿಲ ಮೇಲೆ ಕುಳಿತು ಎಲೆಯ ಮಣ್ಣು ತೊಳೆಯುತ್ತಿದ್ದರು.

ಅತ್ತೆ ಆ ಚಳಿಗಾಲದಿಂದ ಹಾಸಿಗೆ ಹಿಡಿದಿದ್ದರು. ಎರಡು ಚಮಚ ತಿಂದು ಮುಖ ತಿರುಗಿಸುತ್ತಿದ್ದರು. ಒಂದು ಮಧ್ಯಾಹ್ನ ಈರುಳ್ಳಿ ಹುರಿಯುವ ವಾಸನೆ ಕಿಟಕಿಯಿಂದ ಬಂದಾಗ "ಕೆಳಗೇನೇ ಬೇಯ್ತಿದೆ?" ಎಂದು ಎದ್ದು ಕುಳಿತರು. ಬತೂಲ್ ಒಂದು ತಟ್ಟೆ ತಂದಳು. ರೊಟ್ಟಿಯಲ್ಲಿ ಒರೆಸಿ ಒರೆಸಿ ತಿಂದರು. ತಿಂದು ನನ್ನ ಕಡೆ ನೋಡಿ, "ಅಡುಗೆ ಅಂದ್ರೆ ಇದು. ಹನ್ನೊಂದು ವರ್ಷದಿಂದ ಈ ಮನೇಲಿ ಬೇಯಿಸಿದ ಹುಲ್ಲು ತಿಂತಾ ಇದ್ದೆ," ಎಂದರು.

ನಾನು ನಕ್ಕೆ. ಆದರೆ ನನ್ನ ಗಂಡ ತೀರಿಹೋದ ಮೇಲೆ ಹನ್ನೊಂದು ವರ್ಷ, ತವರಿಗೆ ಹೋಗದೆ, ಅವರಿಗೆ ಉಣಿಸಿದ್ದು, ಮೈ ತೊಳೆದದ್ದು, ತಲೆ ಬಾಚಿದ್ದು ನಾನು. ಪ್ರತಿದಿನ ನಿನ್ನ ತಟ್ಟೆ ಬರುತ್ತಿತ್ತು, ಬರಿದಾಗಿ ಕೆಳಗೆ ಹೋಗುತ್ತಿತ್ತು. ನನ್ನ ಪಾತ್ರೆ ಹಾಗೇ ಉಳಿಯುತ್ತಿತ್ತು.

ಆವತ್ತು ನೀವು ಮೂವರೂ ಮರದ ಕೆಳಗೆ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ನೀನು ಮರೆತಿರಲಾರೆ. ಆದರೂ ಬರೆಯುತ್ತೇನೆ, ನನ್ನ ಕೈಯಿಂದಲೇ ಬರೆಯಬೇಕು: "ಸಾಕು ಮಾಡೇ, ಹಿತ್ತಿಲನ್ನೇ ಬೋಳಿಸಿಬಿಟ್ಟೆ. ಆಡುಗಳನ್ನ ಊರಲ್ಲೇ ಬಿಟ್ಟು ಬಂದೆ ಅಂದಿದ್ದೆ. ಇಲ್ಲಿ ನೋಡಿದ್ರೆ ಮೂರು ಮೇಯ್ತಾ ಇವೆ."

ರೀಮ್ ನಿನ್ನ ಮುಖ ನೋಡಿದಳು. ನೀನು ಚಾಕು ಮಡಚಿದೆ. ಕೊಯ್ದಷ್ಟನ್ನೂ ತೊಳೆದು ನಮ್ಮ ಮೆಟ್ಟಿಲ ಮೇಲಿಟ್ಟು ಒಳಗೆ ಹೋದೆ. ಮಾರನೆಯ ದಿನದಿಂದ ಸೊಪ್ಪಿಗೆ ಊರಾಚೆಯ ರಸ್ತೆ ಬದಿಗೆ ಹೋಗತೊಡಗಿದೆ.

ಮೆಟ್ಟಿಲ ಮೇಲಿನ ಆ ಸೊಪ್ಪನ್ನು ನಾನೇ ಬೇಯಿಸಿದೆ. ಅತ್ತೆ ಬಾಯಿಗಿಟ್ಟು, ಬಟ್ಟೆಗೆ ಉಗುಳಿ, ಗೋಡೆಯ ಕಡೆ ತಿರುಗಿದರು. ಮೂರು ದಿನ ನಿನ್ನ ತಟ್ಟೆ ಬರಲಿಲ್ಲ, ಮೂರು ದಿನ ಅವರು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವರ ಮಣಿಕಟ್ಟು ಹಿಡಿದಾಗ ನನಗೆ ಭಯವಾಯಿತು.

ಕೆಳಗಿಳಿದು ಬಂದು ನಿನ್ನ ಬಾಗಿಲಲ್ಲಿ ನಿಂತೆ. "ಅತ್ತೆ ಊಟ ಬಿಟ್ಟಿದ್ದಾರೆ" ಎಂದೆ. "ಮನೇಲಿ ಈರುಳ್ಳಿ ಇದ್ಯಾ ಅಕ್ಕಾ? ನಾಲ್ಕು ತನ್ನಿ, ತೆಳ್ಳಗೆ ಹೆಚ್ಚಬೇಕು," ಎಂದು ಒಲೆ ಹಚ್ಚಿದೆ ನೀನು. ಕುದಿಯುವ ಉಪ್ಪುನೀರಿಗೆ ಸೊಪ್ಪು ಹಾಕಿ, ತೆಗೆದು ತಣ್ಣೀರಿಗೆ ಬಿಟ್ಟು, ಒಂದು ಮುಷ್ಟಿ ನನ್ನ ಕೈಗಿತ್ತೆ. "ಹಿಂಡಿ. ಇನ್ನೂ ಹಿಂಡಿ. ಪೂರ್ತಿ ಹಿಂಡ್ಬೇಡಿ ಮತ್ತೆ, ಕಹಿಯೆಲ್ಲ ಹೋದ್ರೆ ಅಜ್ಜಿಗೆ ಗೊತ್ತಾಗಿಬಿಡುತ್ತೆ." ಈರುಳ್ಳಿ ಕಂದು ದಾಟಿ ಕಪ್ಪಿಗೆ ತಿರುಗುವವರೆಗೂ ಸೌಟು ಆಡಿಸಲು ನನಗೇ ಬಿಟ್ಟೆ. ತಟ್ಟೆಯನ್ನು ಇಬ್ಬರೂ ಮೇಲೆ ತಂದೆವು.

"ಮೂರು ದಿನ ಎಲ್ಲೇ ಸತ್ತಿದ್ದೆ ಹುಡುಗಿ?" ಎಂದರು ಅತ್ತೆ.

"ಸೊಪ್ಪು ಬಲಿತುಹೋಗಿತ್ತು ಅಜ್ಜಿ. ಎಳೇದು ಹುಡುಕ್ತಾ ಇದ್ದೆ," ಎಂದೆ ನೀನು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕದನ ನಿಂತು ನೀವು ಹೊರಟ ದಿನ ವ್ಯಾನಿಗೆ ಕಂಬಳಿ ಹಾಕಿದೆ, ರೊಟ್ಟಿ ಹಾಕಿದೆ, ಆಲಿವ್ ಎಣ್ಣೆಯ ಡಬ್ಬಿ ಇಟ್ಟೆ. ಅದರ ಮುಚ್ಚಳ ಬಿಗಿಯಾಗಿದೆಯೇ ಎಂದು ಮೂರು ಸಲ ನೋಡಿದೆ.

ಸಾಯುವುದಕ್ಕೆ ಒಂದು ವಾರ ಮುಂಚೆ ಒಂದು ಬೆಳಿಗ್ಗೆ ಅತ್ತೆಗೆ ಬುದ್ಧಿ ತಿಳಿಯಾಗಿತ್ತು. ತಲೆ ಬಾಚುತ್ತಿದ್ದೆ. "ಆವತ್ತು ಕಿಟಕಿ ತೆಗೆದಿತ್ತು ವದಾದ್," ಎಂದರು. "ಆ ಹುಡುಗೀನ ಆಡು ಅಂದೆ ನೀನು."

ಬಾಚಣಿಗೆ ನಿಂತುಹೋಯಿತು.

"ನಂದೂ ತಪ್ಪಿದೆ. ನಿನ್ನೆದುರಿಗೇ ಅವಳನ್ನ ಹೊಗಳಿದೆ. ನಿನ್ನ ಅಡುಗೆ ಏನೂ ಕೆಟ್ಟದಿರಲಿಲ್ಲ. ಒಳ್ಳೆ ಮಾತು ನನ್ನ ಬಾಯಲ್ಲಿ ಬರಲ್ಲ, ಮೊದಲಿಂದಾನೂ ಹಾಗೇ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅವಳು ಹೋಗೋವಾಗ ತಪ್ಪಾಯ್ತು ಅಂದ್ಯಾ?"

"ಇಲ್ಲ ಅತ್ತೆ."

"ಬರೆದು ಹಾಕು. ನಾನಿರೋವಾಗ್ಲೇ ಬರಿ."

ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎನ್ನುತ್ತ ಅವರನ್ನು ಮಣ್ಣು ಮಾಡಿದೆ. ಅದೂ ನನ್ನ ತಲೆಯ ಮೇಲಿದೆ.

ನಿನ್ನೆ ನಲವತ್ತರ ಪ್ರಾರ್ಥನೆ ಮುಗಿಸಿ ಊರವರೆಲ್ಲ ಊಟಕ್ಕೆ ಬಂದರು. ಉಪವಾಸದ ದಿನಗಳಾದ್ದರಿಂದ ಮಾಂಸವಿಲ್ಲ. ಹಿತ್ತಿಲಿನ ಹಿಂದ್ಬೆಯನ್ನೇ ಎರಡು ದಿನ ಕೊಯ್ದು, ನೀನು ತೋರಿಸಿದಂತೆ ಹಿಂಡಿ, ದೊಡ್ಡ ಹಂಡೆಯಲ್ಲಿ ಮಾಡಿದೆ. ಏಳುವಾಗ ಪ್ರತಿಯೊಬ್ಬರೂ "ನಿನ್ನ ಕೈಗಳು ಕ್ಷೇಮವಾಗಿರಲಿ ವದಾದ್" ಎಂದರು. ಉಂಡವರು ಬಡಿಸಿದವಳಿಗೆ ಹೇಳಲೇಬೇಕಾದ ಮಾತು, ನಿಮ್ಮಲ್ಲೂ ನಮ್ಮಲ್ಲೂ. ಅಷ್ಟು ವಾರ ನಿನ್ನ ತಟ್ಟೆ ನನ್ನ ಮನೆಗೆ ಬಂತು, ನನ್ನ ಅತ್ತೆಯನ್ನು ಸುಮಾರು ಒಂದು ವರ್ಷ ಹೆಚ್ಚು ಬದುಕಿಸಿತು. ನಾನು ಆ ಮಾತನ್ನು ಒಂದು ಸಲವೂ ಹೇಳಲಿಲ್ಲ. ಅವರಿಗೆಲ್ಲ ತಲೆಯಾಡಿಸಿ ಒಳಗೆ ಬಂದು ಈ ಕಾಗದ ತೆಗೆದೆ.

ಇನ್ಸಾಫ್, ನಾನು ನಿನ್ನನ್ನೂ ನಿನ್ನ ಮಕ್ಕಳನ್ನೂ ಹೀಯಾಳಿಸಿದೆ. ಹಿತ್ತಿಲು ಬೋಳಾಗಿರಲಿಲ್ಲ, ನೀನು ಎಳೆಯ ಎಲೆಯನ್ನಷ್ಟೇ ಕೊಯ್ದು ಬುಡ ಉಳಿಸುತ್ತಿದ್ದೆ, ನಾನು ನೋಡಿದ್ದೆ. ನೋಡಿಯೂ ಹೊಟ್ಟೆಕಿಚ್ಚಿಗೆ ಅಂದೆ. ತಪ್ಪಾಯಿತು. ಇದನ್ನು ರೀಮ್‌ಗೂ ಬತೂಲ್‌ಗೂ ಓದಿ ಹೇಳು, ಆ ಮಾತು ಅವರ ಕಿವಿಗೂ ಬಿದ್ದಿತ್ತು. ನೀನು ಕ್ಷಮಿಸಿದರೆ ನನ್ನ ಪುಣ್ಯ, ಇಲ್ಲವಾದರೆ ಅದು ನಿನ್ನ ಹಕ್ಕು.

ನಿಮ್ಮ ಮನೆಗೆ ಬೇಗ ಸೂರು ಬರಲಿ. ಮಕ್ಕಳು ತಮ್ಮ ಮನೆಯ ನೆಲದ ಮೇಲೆ ಕುಳಿತು ಉಣ್ಣಲಿ. ನಿನ್ನ ಕೈಗಳು ಕ್ಷೇಮವಾಗಿರಲಿ.

ನಿನ್ನ ಅಕ್ಕನಾಗಲು ತಡಮಾಡಿದ
ವದಾದ್