ಅರ್ಧ ತೆರೆದ ಬಾಗಿಲು

ಮಂಗಳವಾರ, ಹನ್ನೆರಡನೇ ತಾರೀಖು.

ನನ್ನ ಮಗಳ ಮೇಲೆ ಅವಳ ಕೋಚ್ ಅತ್ಯಾಚಾರ ಮಾಡಿದ ಮೇಲೆ ನೆರವು ಕೇಂದ್ರಕ್ಕೆ ಹೋದದ್ದು ಇವತ್ತೇ ಮೊದಲು. ಆಪ್ತ ಸಮಾಲೋಚಕಿ ಅವಳನ್ನು ಕೇಳಿದ್ದಕ್ಕೆಲ್ಲ ನಾನೇ ಬಾಯಿ ಹಾಕುತ್ತಿದ್ದೆ. ಅವರು ಬೇಸರಿಸಲಿಲ್ಲ. ಮಗಳತ್ತ ತಿರುಗಿ, “ಬಾಗಿಲು ಹಾಕ್ಲಾ, ತೆಗ್ದಿರ್ಲಾ? ಅಮ್ಮ ಒಳಗಿರ್ಬೇಕಾ, ಹೊರಗಾ?” ಎಂದರು.

“ಅರ್ಧ ತೆಗ್ದಿರ್ಲಿ. ಅಮ್ಮ ಹೊರಗಿರ್ಲಿ.”

ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು. ಮಾತು ತಿಳಿಯಲಿಲ್ಲ, ದನಿ ಮಾತ್ರ. ಅದನ್ನು ಕೇಳಿ ಎಷ್ಟು ದಿನವಾಗಿತ್ತು!

ಈಗ ರಾತ್ರಿ ಮನೆಯಲ್ಲಿ ಹಾಲು ಹಿಡಿದು, ಎಂದಿನಂತೆ ಅವಳ ಕೋಣೆಗೆ ನುಗ್ಗಲು ಹೋದವಳು ತಡೆದು ಬಾಗಿಲು ತಟ್ಟಿದೆ. “ಬರ್ಲೇನೇ?”

“ಈಗ ಬೇಡಮ್ಮ.”

ಎಷ್ಟು ಗಟ್ಟಿಯಾಗಿ ಅಂದಳು! ಆ ಕೋಚ್ ಕಿವಿಗೆ ಹಾಕಿಕೊಳ್ಳದ ‘ಬೇಡ’ ಎಂಬ ಮಾತನ್ನು ಕೇಳಿ ನಾನು ಹಿಂದಿರುಗಿದೆ.

ಹಾಲು ನಾನೇ ಕುಡಿದೆ.