ಹನ್ನೊಂದು ಅಧ್ಯಾಯ ಹೊರಗೆ ನಿಂತವನು

ಕೃತಿ ಆಧಾರಿತ ಚಿತ್ರಗಳ ಪರಿಶೀಲನಾ ಸಮಿತಿಯ ಅಧ್ಯಕ್ಷರೇ,

ಮಾನ್ಯರೇ ಎಂದು ಆರಂಭಿಸಬೇಕಿತ್ತು. ನೀವು ಆ ಕಾದಂಬರಿಯನ್ನು ಓದಿದ್ದೀರೆಂದು ತಿಳಿದ ದಿನ ಹಾಗೆಯೇ ಬರೆಯುತ್ತೇನೆ.

ಎಲ್ಲರೂ ಓದಿರುವ ಆ ರಕ್ತಪಿಶಾಚಿಯ ಪ್ರೇಮ ಕಾದಂಬರಿ ಈಗ ಸಿನಿಮಾ ಆಗಿದೆ. ಚಿತ್ರ ಶುರುವಾಗುವ ಮೊದಲು ಪರದೆಯ ತುಂಬ ನಿಮ್ಮ ಸಮಿತಿಯ ಮೊಹರು, ಅದರ ಕೆಳಗೆ 'ಮೂಲಕೃತಿಗೆ ನಿಷ್ಠವಾಗಿದೆ' ಎಂಬ ಸಾಲು. ಆ ಸಾಲು ಸುಳ್ಳು. ಆ ಸುಳ್ಳಿನ ದೆಸೆಯಿಂದ ನನ್ನ ಅಕ್ಕ ಹಾಡಹಗಲಲ್ಲೇ ತನ್ನ ಕೋಣೆಯ ಚಿಲಕ ಹಾಕಿಕೊಂಡು ಕೂರುವಂತಾಗಿದೆ.

ಸಿನಿಮಾ ಕೆಟ್ಟದಾಗಿದೆ ಎಂಬುದಷ್ಟೇ ದೂರಾಗಿದ್ದರೆ ನಿಮ್ಮನ್ನು ಎಬ್ಬಿಸುತ್ತಿರಲಿಲ್ಲ. ಕೆಟ್ಟ ಸಿನಿಮಾ ನೋಡಿ ನಮಗೆ ಅಭ್ಯಾಸವಿದೆ. ಅಕ್ಕ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಮೇಣದಲ್ಲಿ ಹಲ್ಲು ಕೆತ್ತುವವಳು. ನಾಯಕ ಮೊದಲ ಸಲ ಬಾಯಿ ತೆರೆದಾಗಲೇ ನನ್ನ ಕಿವಿಯಲ್ಲಿ ಅಂದಳು: "ಕೋರೆಹಲ್ಲನ್ನ ಒಂದು ಹಲ್ಲಿನಷ್ಟು ಮುಂದಕ್ಕೆ ಕೂರಿಸಿದ್ದಾರೆ ಕಣೇ. ಪಾಪ, ಇವನು ಕತ್ತು ಹಾಗಿರಲಿ, ಬಾಳೆಹಣ್ಣನ್ನೂ ಕಚ್ಚೋಕಾಗಲ್ಲ." ಅಲ್ಲಿಯವರೆಗೆ ನಗುತ್ತಲೇ ಇದ್ದೆವು. ಒಂಬತ್ತನೆಯ ನಿಮಿಷಕ್ಕೆ ನಗು ನಿಂತಿತು.

ಕಾದಂಬರಿಯಲ್ಲಿ ಒಂದೇ ಒಂದು ನಿಯಮವಿದೆ: ಒಳಗಿದ್ದವರು ಕರೆಯದೆ ರಕ್ತಪಿಶಾಚಿ ಹೊಸ್ತಿಲು ದಾಟುವಂತಿಲ್ಲ. ನಾಯಕಿ ಔಷಧದಂಗಡಿ ನಡೆಸುವವಳು. ಅವನು ಹನ್ನೊಂದು ಅಧ್ಯಾಯ ಆ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲುತ್ತಾನೆ. ಅವಳು ಒಳಗಿನಿಂದ, ಅವನು ಹೊರಗಿನಿಂದ ಮಾತಾಡುತ್ತಾರೆ. ಹನ್ನೆರಡನೆಯದರಲ್ಲಿ ಅವಳು "ಒಳಗೆ ಬಾ" ಎಂದಾಗಲೂ ಅವನು ಕೂಡಲೇ ಕಾಲಿಡುವುದಿಲ್ಲ, "ನಾಳೆಯೂ ಹೀಗೇ ಹೇಳುತ್ತೀಯಾ?" ಎಂದು ಕೇಳುತ್ತಾನೆ. ಆ ಪುಟಕ್ಕಾಗಿಯೇ ಜನ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡರು. ನಿಮ್ಮ ನಿಷ್ಠಾವಂತ ಸಿನಿಮಾದಲ್ಲಿ ಅವನು ಒಂಬತ್ತನೆಯ ನಿಮಿಷಕ್ಕೇ ಕಿಟಕಿಯ ಗಾಜು ಒಡೆದು ಒಳಗೆ ಬರುತ್ತಾನೆ. "ನನಗೆ ಯಾರ ಅಪ್ಪಣೆಯೂ ಬೇಕಿಲ್ಲ" ಎನ್ನುತ್ತಾನೆ. ಅವಳು "ಹೊರಗೆ ಹೋಗು" ಎನ್ನುತ್ತಾಳೆ. ಅವನು ನಗುತ್ತಾನೆ. ಅವಳು ಕರಗಿ ಅವನೆದೆಗೆ ಒರಗುತ್ತಾಳೆ. ಶಿಳ್ಳೆಯೋ ಶಿಳ್ಳೆ. ಅಧ್ಯಕ್ಷರೇ, ಆ ನಿಯಮವನ್ನು ತೆಗೆದ ಮೇಲೆ ಉಳಿದದ್ದೇನು? ಉದ್ದ ಹಲ್ಲಿನ ಒಬ್ಬ ಕಳ್ಳ, ಅಷ್ಟೇ. ನೀವು ನಿಷ್ಠೆಯನ್ನು ಅಳೆದದ್ದು ಯಾವುದರಿಂದ? ಪುಸ್ತಕದ ರಟ್ಟಿನ ಬಣ್ಣದಿಂದಲೇ?

ಇನ್ನು ನಮ್ಮ ಮನೆಯ ವಿಷಯ. ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಕನ್ನಡಕದ ಅಂಗಡಿ. ಮೆತ್ತಗಿನ ಮಾತು, ಅಕ್ಕನಿಗೂ ಇಷ್ಟವಾಗಿದ್ದ. ಒಪ್ಪಿಗೆ ಹೇಳುವ ಮುಂಚೆ ಅವಳು ಅವನಿಗೆ ಈ ಕಾದಂಬರಿಯ ತನ್ನ ಪ್ರತಿಯನ್ನೇ ಕೊಟ್ಟಳು. ಪುಟಗಳ ಅಂಚಿಗೆಲ್ಲ ಲ್ಯಾಬಿನ ಮೇಣ ಅಂಟಿದ ಪ್ರತಿ. "ಇದನ್ನ ಓದಿ. ನನಗೇನು ಬೇಕು ಅಂತ ಗೊತ್ತಾಗುತ್ತೆ. ಆಮೇಲೆ ಮಾತಾಡೋಣ" ಅಂದಳು. ಅವನು ಓದಲಿಲ್ಲ. ಸಿನಿಮಾ ನೋಡಿದ. ಮುನ್ನೂರು ಪುಟದ ಬದಲು ಎರಡು ಗಂಟೆ. ಹೇಗೂ ನಿಮ್ಮ ಮೊಹರು ಇತ್ತಲ್ಲ.

ಒಂದು ಭಾನುವಾರ ಮಧ್ಯಾಹ್ನ ಹಿಂಬಾಗಿಲಿನಿಂದ ಬಂದು, ಯಾರನ್ನೂ ಕೇಳದೆ ಮಹಡಿ ಹತ್ತಿ, ಅಕ್ಕನ ಕೋಣೆಯ ಬಾಗಿಲು ತಳ್ಳಿದ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಕಾಲುಗುರು ಕತ್ತರಿಸುತ್ತಿದ್ದಳು. ಅವನು ಸಿನಿಮಾದ ಆ 'ಯಾರ ಅಪ್ಪಣೆಯೂ ಬೇಕಿಲ್ಲ' ಎಂಬ ಮಾತು ಹೇಳಿದ. ಅಕ್ಕ ಎದ್ದು ನಿಂತು ಮೆಲ್ಲಗೆ "ಹೊರಗೆ ಹೋಗಿ" ಅಂದಳು. ಅವನು ನಕ್ಕ. ಅದು ಅವಳ ಪಾಲಿನ ಡೈಲಾಗ್ ಎಂದುಕೊಂಡಿದ್ದ. ಅವಳು ಮತ್ತೆ ಹೇಳಿದಳು. ಅವನು ಇನ್ನೂ ಚೆನ್ನಾಗಿ ನಕ್ಕು ಒಂದು ಹೆಜ್ಜೆ ಮುಂದೆ ಬಂದ. ಅವಳು ಪುಟ್ಟ ಕತ್ತರಿ ಹಿಡಿದೇ ಗೋಡೆಯವರೆಗೆ ಹಿಂದೆ ಸರಿದಳು. ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲೇ ಇದ್ದೆ, ನೋಡುತ್ತಿದ್ದೆ. ಕೊನೆಗೆ ಅಮ್ಮ ಮೇಲೆ ಬಂದಳು, ಅವನು ಕೆಳಗೆ ಹೋದ.

ಕೆಳಗೆ ಅಪ್ಪನ ಮುಂದೆ ಅವನು ನಿಜಕ್ಕೂ ಕಂಗಾಲಾಗಿದ್ದ. "ಅವರೇ ಹೇಳಿದ್ರಲ್ಲ ಅಂಕಲ್, ಪುಸ್ತಕದಲ್ಲಿರೋದು ಬೇಕು ಅಂತ. ಪುಸ್ತಕದಲ್ಲಿ ಇರೋ ಹಾಗೇ ಸಿನಿಮಾ ಮಾಡಿದೀವಿ ಅಂತ ಶುರುವಲ್ಲೇ ಸೀಲ್ ಹಾಕಿ ತೋರಿಸ್ತಾರೆ."

ಅಪ್ಪ ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಸೀಲ್ ಎಂದರೆ ಮುಗಿಯಿತು. ನಮ್ಮ ಸೋದರತ್ತೆಯನ್ನು ಜೊತೆಗೆ ಕರೆದುಕೊಂಡು ಸ್ವತಃ ಹೋಗಿ ಸಿನಿಮಾ ನೋಡಿಬಂದರು. "ಹುಡುಗ ಹೇಳಿದ್ದು ಸರಿಯಾಗೇ ಇದೆ. ನೀನೇ ಕೇಳಿ, ನೀನೇ ಬೇಡ ಅಂದ್ರೆ ಹೇಗಮ್ಮ?"

"ಪುಸ್ತಕದಲ್ಲಿ ಹಾಗಿಲ್ಲ ಅಪ್ಪ. ಓದಿ ನೋಡಿ."

"ಸಮಿತಿಯವರು ಓದದೇ ಸೀಲ್ ಒತ್ತುತ್ತಾರಾ?"

ಅತ್ತೆ ಸೊಪ್ಪು ಬಿಡಿಸುತ್ತಲೇ ಅಂದರು: "ಪುಸ್ತಕದ ಪಿಶಾಚಿಗೋಸ್ಕರ ಜೀವಂತ ಹುಡುಗನ್ನ ಬಿಡ್ತೀಯಾ?"

"ಆ ಪಿಶಾಚಿಗೆ ಕೇಳೋಕಾದ್ರೂ ಬರುತ್ತೆ ಅತ್ತೆ" ಅಂದಳು ಅಕ್ಕ. ಮೇಲೆ ಹೋಗಿ ಚಿಲಕ ಹಾಕಿಕೊಂಡಳು. ಬರುವ ಭಾನುವಾರ ಅಪ್ಪ ಹುಡುಗನ ಮನೆಗೆ ಹೋಗಿ "ನಮಗೆ ಒಪ್ಪಿಗೆ" ಎಂದು ಹೇಳಿಬರಲಿದ್ದಾರೆ.

ಆ ಹುಡುಗ ರಾಕ್ಷಸನೇನಲ್ಲ, ಅಪ್ಪನೂ ಅಲ್ಲ. ಅದಕ್ಕೇ ನನ್ನ ಸಿಟ್ಟು ಅವರ ತಲೆ ಮೇಲಿಂದ ಹಾದು ನಿಮ್ಮ ಮೇಜಿಗೆ ಬಂದು ಬಿದ್ದಿದೆ. ಬಾಗಿಲಾಚೆ ನಿಲ್ಲುವುದನ್ನು ಕಲಿಸಲೆಂದೇ ಬರೆದ ಕಥೆಯನ್ನು ನೀವು ಬಾಗಿಲು ತಳ್ಳುವವರ ಕೈಗೆ ದಾಖಲೆ ಮಾಡಿ ಕೊಟ್ಟಿದ್ದೀರಿ. ಸೀಲ್ ಒತ್ತಲು ನಿಮಗೆ ಎಷ್ಟು ಹೊತ್ತು ಹಿಡಿಯಿತು? ಅಕ್ಕ ಒಂದು ಹಲ್ಲು ಕೆತ್ತುವಷ್ಟಾದರೂ?

ಪರದೆಯ ಮೇಲಿನ ಸಾಲನ್ನು ಅಳಿಸಿ. ಅದಕ್ಕೆ ಸಭೆ, ಠರಾವು ಎಲ್ಲ ಆಗಬೇಕೆಂದು ಬಲ್ಲೆ. ಆದರೆ ಒಂದು ಕಾಗದ ನನಗೆ ಶನಿವಾರದೊಳಗೆ ಬೇಕು. ನಿಮ್ಮ ಅದೇ ಮೊಹರಿನಡಿ ಒಂದೇ ವಾಕ್ಯ: 'ಕಾದಂಬರಿಯಲ್ಲಿ ಒಳಗಿದ್ದವರು ಕರೆಯದೆ ಅವನು ಒಳಗೆ ಬರುವುದಿಲ್ಲ.' ಮಗಳು ಎರಡು ಸಲ ಹೇಳಿದ ಮಾತಿಗಿಂತ ಮೊಹರು ಒತ್ತಿದ ಕಾಗದವೇ ಗಟ್ಟಿಯಾದ ಮನೆ ನಮ್ಮದು. ನಾಚಿಕೆಯ ಸಂಗತಿಯೇ, ಆದರೂ ಕೇಳುತ್ತಿದ್ದೇನೆ.

ಕಾಗದವನ್ನು ನೀವೇ ತಂದುಕೊಡುವ ಮನಸ್ಸು ಮಾಡಿದರೆ, ಮಹಡಿಯ ಬಲಗಡೆಯ ಕೋಣೆ ಅಕ್ಕನದು. ಬಾಗಿಲು ತಟ್ಟಿ. ಅವಳು "ಬನ್ನಿ" ಎನ್ನುವವರೆಗೂ ಹೊರಗೇ ನಿಲ್ಲಿ. ಅವಳು ಹಾಗೆನ್ನದಿದ್ದರೆ ಬಾಗಿಲಡಿ ಕಾಗದ ತೂರಿಸಿ ಹೊರಟುಹೋಗಿ.

ಇಂತಿ,
ಸಾಹಿತ್ಯದಲ್ಲಿ ಪದವಿ ಪಡೆದೂ, ಬೇಕಾದ ಹೊತ್ತಿಗೆ ಒಂದು ಮಾತೂ ಬಾರದೆ ಬಟ್ಟೆಬುಟ್ಟಿ ಹಿಡಿದು ನಿಂತಿದ್ದ ತಂಗಿ